ನವೆಂಬರ್ ಹದಿನೈದರೊಳಗೆ ಒಂದು ಸಹಿ

ಕೆಲ್ಸೋ ಬೆಂಡ್, ಪೆನ್ಸಿಲ್ವೇನಿಯಾ
೧೦ ಸೆಪ್ಟೆಂಬರ್ ೨೦೨೩

ಡೇಲ್,

ಮೊದಲು ಒಳ್ಳೆಯ ಸುದ್ದಿ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಿನ್ನ ತಂಗಿಗೆ ನೂರ ಎಂಬತ್ತಕ್ಕೆ ನೂರ ಅರವತ್ತೆಂಟು ಬಂದಿದೆ. ಯೋಡರ್ ವಕೀಲರು ಫೈಲುಗಳ ನಡುವಿನಿಂದ ಎದ್ದು ಬಂದು ಕೈ ಕುಲುಕಿದರು. ಅವರ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಗುಮಾಸ್ತಳಾಗಿದ್ದೇನೆ. ನನಗಾಗಿ ಅವರು ಕುರ್ಚಿ ಬಿಟ್ಟು ಎದ್ದದ್ದು ಇದೇ ಮೊದಲು.

ಈಗ ತಲೆನೋವಿನ ಸುದ್ದಿ. ನಾನು ಆಸೆಪಟ್ಟಿರುವ ಕಾಲೇಜು ಸಮುದ್ರದ ದಂಡೆಯಲ್ಲಿದೆ, ಇಲ್ಲಿಂದ ಎಂಟು ಗಂಟೆ ದಾರಿ. ನನ್ನ ಅಂಕಗಳಿಗೆ ಅವರು ಸುಮ್ಮನೆ ಬಾಗಿಲು ತೆರೆಯುವವರಲ್ಲ. ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದರೆ ಮಾತ್ರ ದಾರಿ ಇದೆಯಂತೆ. ಅಂದರೆ ನವೆಂಬರ್ ಹದಿನೈದರೊಳಗೆ ಒಂದು ಕರಾರಿಗೆ ಸಹಿ ಹಾಕಬೇಕು. ಅವರು ಒಪ್ಪಿಕೊಂಡರೆ ನಾನು ಹೋಗಲೇಬೇಕು, ಬೇರೆ ಎಲ್ಲ ಕಾಲೇಜಿನ ಅರ್ಜಿ ಅಂದೇ ವಾಪಸು ತೆಗೆದುಕೊಳ್ಳಬೇಕು. ಕ್ರಿಸ್‌ಮಸ್‌ಗೆ ಮುಂಚೆ ಉತ್ತರ. ಆಮೇಲೆ ಮನಸ್ಸು ಬದಲಾಯಿತು ಅಂದರೆ ಎಲ್ಲೆಡೆ ಹೆಸರು ಕೆಡುತ್ತದೆ. ಒಂದು ಬಗೆಯಲ್ಲಿ ತಾಳಿ ಕಟ್ಟಿಸಿಕೊಂಡ ಹಾಗೆ, ಗಂಡಿನ ಮುಖ ನೋಡುವ ಮೊದಲೇ.

ಯೋಡರ್ ಅವರು ನನಗೊಬ್ಬ ಸಲಹೆಗಾರ್ತಿಯನ್ನು ಗೊತ್ತುಮಾಡಿಕೊಟ್ಟಿದ್ದಾರೆ. ಬ್ರಿಯೆಲ್ ಅಂತ. ಅವಳನ್ನು ನಾನು ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ನೋಡಿದ್ದೇನೆ, ಹಿಂದೆ ಬಿಳಿ ಗೋಡೆ, ಮುಂದೆ ಬಿಳಿ ಹಲ್ಲು. ಅರ್ಜಿಯ ಜೊತೆ ನನ್ನ ಬಗ್ಗೆ ಎರಡು ಪುಟದ ಪ್ರಬಂಧ ಬರೆಯಬೇಕು. ಅವಳು ಮೊದಲು ಕೇಳಿದ್ದೇ ಇದು: "ನಿನ್ ಲೈಫಲ್ಲಿ ಏನಾದ್ರೂ ಕೆಟ್ಟದ್ದು ಆಗಿದ್ಯಾ?" ಅಮ್ಮ ತೀರಿಹೋದಳು ಅಂದೆ. ಅಮ್ಮಂದಿರು ಎಲ್ಲರಿಗೂ ತೀರಿಹೋಗುತ್ತಾರೆ ಎನ್ನುವ ಹಾಗೆ ತಲೆಯಾಡಿಸಿದಳು. ಅಣ್ಣ ಜೈಲಿನಲ್ಲಿದ್ದಾನೆ ಅಂದೆ. ಆಗ ನೋಡು, ಮುಖ ಅರಳಿತು. ಮನೆಯಲ್ಲಿ ಹೆಣ ಬಿದ್ದಿದ್ದರೆ ಹೂ ಮಾರುವವನ ಮುಖ ಅರಳುವುದಿಲ್ಲವೇ, ಹಾಗೆ. ನಿನ್ನ ಸುದ್ದಿ ಬರೆಯುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ.

ಆದರೆ ಒಂದು ಮಾತು ನೀನು ನೇರವಾಗಿ ಹೇಳಬೇಕು. ನವೆಂಬರಿನಲ್ಲಿ ನಿನ್ನ ಪೆರೋಲ್ ಸಂದರ್ಶನ ಇದೆ, ಶಿಕ್ಷೆ ಮುಗಿಯುವ ಮೊದಲೇ ಬಿಡಬಹುದೇ ಎಂದು ನೋಡಲು. ಹೊರಬಂದ ಮೇಲೆ ಎಲ್ಲಿ ಇರುತ್ತೀಯ ಎಂದು ವಿಳಾಸ ಕೊಡಬೇಕಲ್ಲ, ಯಾರ ವಿಳಾಸ ಕೊಟ್ಟಿದ್ದೀಯ? ನನ್ನ ಮನೆಯೇ ಆದರೆ ನಾನು ಈ ಕರಾರಿಗೆ ಸಹಿ ಹಾಕುವುದಿಲ್ಲ. ಮನೆ ಬೀಗ ಹಾಕಿಕೊಂಡು ಹೋದರೆ ನಿನ್ನನ್ನು ಬಿಡುವುದಿಲ್ಲ ಅಂತ ನನಗೂ ಗೊತ್ತು.

ಲೋರಿ

*

ಬಿ ಬ್ಲಾಕ್
೨೨ ಸೆಪ್ಟೆಂಬರ್ ೨೦೨೩

ಲೋರಿ,

ನಿನ್ನ ಕಾಗದ ಬಂತು, ಅಂದರೆ ಅದರ ಜೆರಾಕ್ಸ್ ಬಂತು. ಇಲ್ಲಿಗೆ ಬರುವ ಟಪಾಲನ್ನೆಲ್ಲ ದೂರದ ಯಾವುದೋ ಊರಿನಲ್ಲಿ ಒಡೆದು, ನಕಲು ತೆಗೆದು, ಮೂಲವನ್ನು ಚೂರು ಮಾಡುತ್ತಾರೆ. ಹನ್ನೊಂದು ದಿನ ಹಿಡಿಯಿತು. ನೂರ ಅರವತ್ತೆಂಟು ಎನ್ನುವುದರ ಮೇಲೆ ಒಂದು ಕರಿ ಗೆರೆ ಬಿದ್ದಿದೆ, ಆದರೂ ಓದಲಿಕ್ಕೆ ಬರುತ್ತದೆ. ನನ್ನ ಸೆಲ್ಲಿನ ಜೊತೆಗಾರ ಟಿಬ್ಸ್‌ಗೆ ತೋರಿಸಿದೆ. ಅವನು, "ನಿನ್ ತಲೇಲಿರ್ಬೇಕಾದ್ದೆಲ್ಲಾ ಅವ್ಳಿಗೇ ಹೋಗಿದೆ ಕಣೋ" ಅಂದ. ಸರಿಯಾಗಿಯೇ ಹೇಳಿದ.

ನನ್ನದು ಅಡುಗೆಮನೆಯ ಕೆಲಸವೇ. ನಿನ್ನೆ ಕೋಸಿನ ಪಲ್ಯದಲ್ಲಿ ಜಿರಲೆ ಸಿಕ್ಕಿತು. ಮೇಲ್ವಿಚಾರಕ ಸೌಟಿನಿಂದ ಅದನ್ನು ಎತ್ತಿ ಎಸೆದು, ಬಡಿಸಿ ಅಂದ. ಬಡಿಸಿದೆವು. ಆರು ವರ್ಷದಲ್ಲಿ ಅಸಹ್ಯ ಪಡುವ ಶಕ್ತಿಯೂ ಸವೆಯುತ್ತದೆ, ಆದರೆ ಪೂರ್ತಿ ಅಲ್ಲ.

ವಿಳಾಸದ ಚಿಂತೆ ಬಿಡು. ಫ್ಲೋರಿಡಾದ ಅಪ್ಪನದು ಕೊಟ್ಟಿದ್ದೇನೆ. ಅವನೂ ಅವನ ಹೊಸ ಹೆಂಡತಿಯೂ ಒಪ್ಪಿದ್ದಾರೆ, ಹಿಂದೆ ಒಂದು ಶೆಡ್ಡು ಖಾಲಿ ಇದೆಯಂತೆ. ನೀನು ಸಹಿ ಹಾಕು. ನಮ್ಮ ಮನೆಯಲ್ಲಿ ಇದುವರೆಗೆ ಕೋರ್ಟು ನೋಡಿದವನು ನಾನೊಬ್ಬನೇ, ಅದೂ ತಪ್ಪು ಬದಿಯಿಂದ.

ಆ ಪರದೆಯ ಹೆಂಗಸನ್ನು ನಂಬಬೇಡ.

ಡೇಲ್

*

ಕೆಲ್ಸೋ ಬೆಂಡ್
೮ ಅಕ್ಟೋಬರ್ ೨೦೨೩

ಡೇಲ್,

ಅಪ್ಪ ಒಪ್ಪಿದನೆಂದರೆ ನಂಬಲು ಕಷ್ಟವೇ, ಆದರೂ ನಂಬಿದೆ. ಎದೆಯ ಮೇಲಿನ ಕಲ್ಲು ಇಳಿಯಿತು. ಫೋನು ಮಾಡಿ ಕೇಳೋಣವೆಂದು ಎರಡು ಸಲ ಅಂದುಕೊಂಡೆ. ಅವನ ಹೊಸ ಹೆಂಡತಿ ಎತ್ತಿಕೊಂಡರೆ ಬೆಳಗ್ಗೆಯೇ ಬಾಯಿ ಕೆಡುತ್ತದೆ ಎಂದು ಬಿಟ್ಟೆ.

ಪ್ರಬಂಧ ಸಾಗುತ್ತಿದೆ. ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರ ಶುಕ್ರವಾರ ಅಜ್ಜಿಯರ ಜೊತೆ ಕೂತು ಪಿರೋಗಿ, ಆ ಆಲೂಗಡ್ಡೆಯ ಕಡುಬು, ಮಡಚುತ್ತಿದ್ದೆನಲ್ಲ, ಅದನ್ನೇ ಬರೆಯುತ್ತಿದ್ದೇನೆ. ಅಂಚು ಒತ್ತುವಾಗ ಅವರು ಊರಿನ ಜಗಳಗಳನ್ನೆಲ್ಲ ತೀರ್ಮಾನ ಮಾಡುತ್ತಿದ್ದರು, ಅದೇ ನನ್ನ ಮೊದಲ ಕೋರ್ಟು ಅಂತ. ಬ್ರಿಯೆಲ್‌ಗೆ ಇದು ಹಿಡಿಸಿಲ್ಲ. "ಆಲೂಗಡ್ಡೆ ಓದಿ ಯಾರೂ ಅಳಲ್ಲ" ಅಂದಳು. ಅವಳು ಹಾಳಾಗಿಹೋಗಲಿ.

ಅರ್ಜಿ ಹಾಕುವವರೆಲ್ಲ ಸೇರುವ ಒಂದು ಜಾಲತಾಣವಿದೆ, ಬೇಡಬೇಡವೆಂದರೂ ದಿನಾ ಓದುತ್ತೇನೆ. ಒಬ್ಬ ತನ್ನ ಕ್ಯಾನ್ಸರು ಸಾಕಾಗುತ್ತದೆಯೇ ಎಂದು ಕೇಳುತ್ತಾನೆ. ಇನ್ನೊಬ್ಬಳು ತಮ್ಮ ಮುಳುಗಿ ಸತ್ತದ್ದನ್ನು ಮೊದಲ ಸಾಲಿನಲ್ಲಿ ಹಾಕಲೋ ಕೊನೆಯಲ್ಲಿ ಹಾಕಲೋ ಎನ್ನುತ್ತಾಳೆ. ಕೆಳಗೆ ನಲವತ್ತು ಜನ ಸಲಹೆ ಕೊಟ್ಟಿದ್ದಾರೆ. ಮೊದಲ ಸಾಲಿಗೆ ಹೆಚ್ಚು ಮತ. ಎಲ್ಲರೂ ತಮ್ಮ ತಮ್ಮ ಹುಣ್ಣು ಕೆರೆದು ತಟ್ಟೆಯಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಾರೆ. ಇವರ ಜೊತೆ ಮೂರು ವರ್ಷ ಕೂರಬೇಕು ನಾನು.

ಬರೆಯುವ ಕಾಗದ ಮುಗಿದಿದೆ, ಪ್ರಿಂಟರಿನ ಪಕ್ಕದ ರದ್ದಿಯಲ್ಲೇ ಬರೆಯುತ್ತಿದ್ದೇನೆ. ಒಂದು ಬದಿ ಖಾಲಿ ಇದ್ದರೆ ಸಾಕಲ್ಲ.

ಲೋರಿ

*

ಬಿ ಬ್ಲಾಕ್
೨೦ ಅಕ್ಟೋಬರ್ ೨೦೨೩

ಲೋರಿ,

ಇಲ್ಲಿಗೆ ಬರುವ ಕಾಗದದ ಎರಡೂ ಬದಿ ನಕಲು ಮಾಡುತ್ತಾರೆ. ಖಾಲಿ ಬದಿ ಇದ್ದರೆ ಖಾಲಿ ಹಾಳೆಯನ್ನೂ ಕಳಿಸುತ್ತಾರೆ, ಅಷ್ಟು ನಿಯತ್ತು. ನಿನ್ನ ಎರಡು ಹಾಳೆಗೆ ನಾಲ್ಕು ಹಾಳೆ ಬಂತು.

ಎರಡರಲ್ಲಿ ಪಿರೋಗಿ. ಉಳಿದೆರಡರಲ್ಲಿ, ನಿನ್ನ ರದ್ದಿಯ ಹಿಂಬದಿಯ ಅಚ್ಚಿನಲ್ಲಿ, ನಾನು.

"ನನ್ನ ಅಣ್ಣನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಕಾನೂನು ಅವನನ್ನು ಕೈಬಿಟ್ಟಿತು. ಸರ್ಕಾರ ಕೊಟ್ಟ ವಕೀಲೆ ಅವನ ಜೊತೆ ಮಾತಾಡಿದ್ದು ಒಟ್ಟು ಆರು ನಿಮಿಷ." ಇವು ನಿನ್ನ ಪ್ರಬಂಧದ ಮೊದಲ ಸಾಲುಗಳು. ನಾನು ಎರಡು ಸಲ ಓದಿದೆ. ಯಾರೀ ಪಾಪದ ಹುಡುಗ, ನನಗೇ ಅವನ ಮೇಲೆ ಕನಿಕರ ಬಂತು.

ನನ್ನ ವಕೀಲೆ ನೋರೀನ್ ಮೆಕ್‌ಗ್ಯಾರಿ ನನ್ನನ್ನು ನೋಡಲು ಹನ್ನೊಂದು ಸಲ ಬಂದರು. ಹನ್ನೊಂದು. ಒಮ್ಮೆ ಜ್ವರದಲ್ಲಿ ಬಂದು ಆ ಕಬ್ಬಿಣದ ಬೆಂಚಿನಲ್ಲಿ ಕೂತು ಕೆಮ್ಮಿದರು. ನಾನು ಅವರಿಗೆ ಹತ್ತು ಸಲ ಸುಳ್ಳು ಹೇಳಿದೆ. ಹನ್ನೊಂದನೆಯ ಸಲ ನಿಜ ಹೇಳಿದಾಗ ಅವರು, "ಮುಂಚೇನೇ ಹೇಳಿದ್ರೆ ಎರಡು ವರ್ಷ ಕಡಿಮೆ ಮಾಡಿಸ್ಬಹುದಿತ್ತಲ್ಲಪ್ಪ" ಅಂದರು, ಬೈಯಲಿಲ್ಲ. ಆ ಹೆಂಗಸಿನ ಮುಖಕ್ಕೆ ನೀನು ಮಸಿ ಬಳಿದಿದ್ದೀಯ, ಎಂಟು ಗಂಟೆ ದೂರದ ಯಾವುದೋ ಕಮಿಟಿಯ ಕಣ್ಣು ಒದ್ದೆ ಮಾಡಲು.

ಇನ್ನೊಂದು. ಎರಡು ಪುಟದಲ್ಲಿ ಎಮಿಲ್ ಲೆಸ್ಕೋ ಎಲ್ಲಿ? ಔಷಧಿ ಅಂಗಡಿಗೆ ನುಗ್ಗಿ, ಚಟ ಹತ್ತಿದ್ದ ನೋವಿನ ಮಾತ್ರೆಯ ಡಬ್ಬಕ್ಕಾಗಿ ಅರವತ್ತೊಂಬತ್ತು ವರ್ಷದ ಮನುಷ್ಯನನ್ನು ನಾನು ತಳ್ಳಿದೆ. ಸೊಂಟದ ಮೂಳೆ ಮುರಿಯಿತು. ಆ ಸದ್ದು ನನಗೆ ಈಗಲೂ ಕೇಳುತ್ತದೆ. ನೀನು ಅವರನ್ನು ಒರೆಸಿಯೇ ಹಾಕಿದ್ದೀಯ. ಬಿದ್ದವರು ಅವರು, ಅಳುವವಳು ನೀನು.

ಜಿರಲೆಯ ಪಲ್ಯ ಬಡಿಸಿದ ದಿನ ಇಷ್ಟು ಹೇಸಿಗೆ ಆಗಿರಲಿಲ್ಲ.

ಡೇಲ್

*

ಕೆಲ್ಸೋ ಬೆಂಡ್
೩೦ ಅಕ್ಟೋಬರ್ ೨೦೨೩

ಡೇಲ್,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ನನ್ನದು ಬರೀ ಸಿಟ್ಟು. ಆ ಆರು ನಿಮಿಷ ಬ್ರಿಯೆಲ್ ಹೇಳಿಕೊಟ್ಟದ್ದು. ಎಷ್ಟು ಹೊತ್ತು ಮಾತಾಡಿದ್ರು ಎಂದು ಕೇಳಿದಳು, ಗೊತ್ತಿಲ್ಲ ಅಂದೆ, "ಹಂಗಾದ್ರೆ ಆರು ಅಂತ ಹಾಕು, ಅದು ನೆನಪಲ್ಲಿ ಉಳಿಯತ್ತೆ" ಅಂದಳು. ಹಾಕಿದೆ. ಬೆರಳು ಅವಳದಲ್ಲ, ನನ್ನದು. ನಿನ್ನ ಮುಂದೆ ಪಿರೋಗಿಯ ಕಥೆ ಕಟ್ಟಿದ್ದೂ ನಾನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಂದು, ಅಷ್ಟು ಹೇಳಿ ಬಿಡುತ್ತೇನೆ.

ಹೆಗಲು ನಿನ್ನದನ್ನೂ ಸ್ವಲ್ಪ ಮುಟ್ಟಿ ನೋಡಿಕೋ.

ಗುರುವಾರ ಮಧ್ಯಾಹ್ನ ಬಾಗಿಲು ತಟ್ಟಿದರು. ಸ್ಟಾನ್ಲಿ ಪೆಕ್ ಅಂತ, ಪೆರೋಲ್ ಆಫೀಸಿನವರು. ಬೂಟು ಒರೆಸಿಕೊಂಡು ಒಳಗೆ ಬಂದು, ಹಿಂದಿನ ಕೋಣೆ ನೋಡಿದರು, ಕಿಟಕಿಯ ಚಿಲಕ ನೋಡಿದರು, ಮನೆಯಲ್ಲಿ ಬಂದೂಕು ಇದೆಯೇ, ಹೆಂಡ ಇದೆಯೇ, ನಾಯಿ ಇದೆಯೇ ಎಂದು ಕೇಳಿದರು. ಯಾಕೆ ಎಂದೆ. ನಿಮ್ಮ ಅಣ್ಣ ಆಗಸ್ಟಿನಲ್ಲೇ ಈ ವಿಳಾಸ ಕೊಟ್ಟಿದ್ದಾನಲ್ಲ ಎಂದರು. ಆಗಸ್ಟು, ಡೇಲ್. ನಾನು ನಿನ್ನನ್ನು ಕೇಳುವುದಕ್ಕೂ ಮುಂಚೆ.

ಆಮೇಲೆ ಅಪ್ಪನಿಗೆ ಫೋನು ಮಾಡಿದೆ. ಅವನಿಗೆ ನಿನ್ನ ಸಂದರ್ಶನವಿದೆ ಎನ್ನುವುದೂ ಗೊತ್ತಿಲ್ಲ. ಶೆಡ್ಡಿನಲ್ಲಿ ದೋಣಿ ಇಟ್ಟಿದ್ದಾನಂತೆ.

ಪೆಕ್ ಹೋಗುವ ಮುಂಚೆ ಒಂದೇ ಪ್ರಶ್ನೆ ಕೇಳಿದರು. "ಮುಂದಿನ ವರ್ಷ ಪೂರ್ತಿ ನೀವು ಇದೇ ಮನೇಲಿರ್ತೀರಾ?" ನನ್ನ ಅರ್ಜಿ ಅವರ ಮೊಣಕೈಯ ಪಕ್ಕದಲ್ಲೇ ಮೇಜಿನ ಮೇಲೆ ಬಿದ್ದಿತ್ತು. ಇರುತ್ತೇನೆ ಎಂದೆ. ಈಗ ನಾನು ಆ ಕಡೆಗೂ ಸುಳ್ಳಿ, ಈ ಕಡೆಗೂ ಸುಳ್ಳಿ. ನಿನ್ನ ಮೇಲೆ ನನಗೆ ಎಷ್ಟು ಅಸಹ್ಯವಾಗಿದೆ ಎಂದರೆ, ನನ್ನ ಮೇಲಿನದಕ್ಕೆ ಜಾಗವೇ ಉಳಿದಿಲ್ಲ. ಆಮೇಲೆ ಅದಕ್ಕೂ ಜಾಗ ಆಗುತ್ತದೆ.

ಹದಿನಾರು ದಿನ ಉಳಿದಿದೆ. ಏನು ಮಾಡಲಿ ಹೇಳು. ಸುಳ್ಳು ಬೇಡ.

ಲೋರಿ

*

ಬಿ ಬ್ಲಾಕ್
೭ ನವೆಂಬರ್ ೨೦೨೩

ಲೋರಿ,

ನಿಜ ಬೇಕೆಂದೆ. ತೆಗೆದುಕೋ.

ಅಪ್ಪನಿಗೆ ಮೂರು ಕಾಗದ ಬರೆದೆ. ಉತ್ತರವಿಲ್ಲ. ವಿಳಾಸವಿಲ್ಲದೆ ಸಂದರ್ಶನಕ್ಕೆ ಹೋದರೆ ಬಾಗಿಲಿನಿಂದಲೇ ವಾಪಸು. ನಿನ್ನ ವಿಳಾಸ ಬರೆದುಕೊಟ್ಟೆ, ನೀನು ಆ ಊರು ಬಿಟ್ಟು ಎಲ್ಲಿ ಹೋಗುತ್ತೀಯ ಎಂದುಕೊಂಡೆ. ಅದೇ ನನ್ನ ತಪ್ಪು, ಅದೇ ನನ್ನ ಹೊಲಸು. ನಿನ್ನ ಪರೀಕ್ಷೆಯ ಸುದ್ದಿ ಬಂದಾಗ ಸಂತೋಷ ಆಮೇಲೆ ಬಂತು, ಮೊದಲು ಬಂದದ್ದು ಭಯ. ಅದನ್ನು ಮುಚ್ಚಲು ಅಪ್ಪನ ಶೆಡ್ಡು ಕಟ್ಟಿದೆ. ಆರು ವರ್ಷ ಒಳಗಿದ್ದೂ ನನಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡು.

ಇವತ್ತು ಇಲ್ಲಿನ ಕೌನ್ಸೆಲರ್‌ಗೆ ಹೇಳಿದ್ದೇನೆ, ನನ್ನನ್ನು ಸರ್ಕಾರದ ಹಾಸ್ಟೆಲಿಗೆ ಹಾಕಿ ಎಂದು. ಇಲ್ಲಿಂದ ಬಿಟ್ಟವರನ್ನು ಇಡುವ ಜಾಗ. ಹಾಸಿಗೆ ಖಾಲಿಯಾಗಲು ತಿಂಗಳುಗಟ್ಟಲೆ ಆಗಬಹುದಂತೆ. ಆಗಲಿ. ಕಾಯುವುದು ನನಗೆ ಹೊಸದಲ್ಲ. ನಿನ್ನ ವಿಳಾಸ ಸದ್ಯಕ್ಕೆ ಫೈಲಿನಲ್ಲಿ ಇದೆ, ತೆಗೆಸುತ್ತೇನೆ.

ನೀನು ಸಹಿ ಹಾಕು. ಆದರೆ ಆ ಪ್ರಬಂಧದ ಕೆಳಗೆ ಹಾಕಬೇಡ. ಬರೆಯುವುದೇ ಆದರೆ ಲೆಸ್ಕೋ ಅವರ ಹೆಸರಿನಿಂದ ಶುರುಮಾಡು. ಉಪ್ಪು ತಿಂದವನು ನೀರು ಕುಡಿಯಬೇಕು. ಉಪ್ಪು ತಿಂದವನು ನಾನು.

ಡೇಲ್

*

ಕೆಲ್ಸೋ ಬೆಂಡ್
೧೬ ನವೆಂಬರ್ ೨೦೨೩

ಡೇಲ್,

ನಿನ್ನೆ ಹದಿನೈದು. ಅರ್ಜಿ ಕಳಿಸಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನ್ನ ಕಾಗದ ತಲುಪಿದ ದಿನವೇ ಹಳೆಯ ಪ್ರಬಂಧ ಹರಿದೆ. ಹೊಸದು ಬರೆದೆ. "ನನ್ನ ಅಣ್ಣ ಎಮಿಲ್ ಲೆಸ್ಕೋ ಎಂಬುವರನ್ನು ತಳ್ಳಿದ. ಅವನಿಗೆ ಒಳ್ಳೆಯ ವಕೀಲೆ ಸಿಕ್ಕಿದ್ದರು." ಮೂರು ದಿನ ಕೂತು ಬರೆದೆ, ಒಂದು ಸುಳ್ಳಿಲ್ಲ. ಬ್ರಿಯೆಲ್‌ಗೆ ತೋರಿಸಿದೆ. ಅವಳ ಮುಖ ಮೊದಲಿಗಿಂತ ಹೆಚ್ಚು ಅರಳಿತು. "ಇದು ಇನ್ನೂ ಚೆನ್ನಾಗಿ ಓಡತ್ತೆ" ಅಂದಳು. ಅಲ್ಲಿಗೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಅವರ ಹೆಸರು ಹಾಕುವ ಮೊದಲು ಅವರ ಅನುಮತಿ ಕೇಳುವುದು ಧರ್ಮ ಎಂದುಕೊಂಡೆ, ಎಷ್ಟು ಒಳ್ಳೆಯವಳು ನಾನು ಎಂದೂ ಅಂದುಕೊಂಡೆ.

ಮಂಗಳವಾರ ಮಧ್ಯಾಹ್ನ ಚೆಸ್ಟ್‌ನಟ್ ಬೀದಿಗೆ, ಲೆಸ್ಕೋ ಅವರ ಔಷಧಿ ಅಂಗಡಿಗೆ ಹೋದೆ. ಅಂಗಡಿ ಮುಚ್ಚಿ ವರ್ಷಗಳಾಗಿವೆ, ಅವರು ಹಿಂದಿನ ಕೋಣೆಯಲ್ಲೇ ಇರುತ್ತಾರೆ, ಮೇಲಿನ ಮನೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾಲ್ಕು ಕಾಲಿನ ಕೋಲು ಹಿಡಿದು ಬಾಗಿಲಿಗೆ ಬರಲು ಬಹಳ ಹೊತ್ತಾಯಿತು. ಡೇಲ್ ಹುದಾಕನ ತಂಗಿ ಎಂದೆ. ಒಳಗೆ ಕರೆಯಲಿಲ್ಲ. ಹಾಳೆಗಳನ್ನು ಚಾಚಿದೆ. ಕನ್ನಡಕ ಹಾಕಿಕೊಂಡು, ಬಾಗಿಲಿಗೆ ಒರಗಿ ನಿಂತೇ ಎರಡೂ ಪುಟ ಓದಿದರು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ.

ಓದಿ ಮುಗಿಸಿ ಹಾಳೆ ವಾಪಸು ಕೊಟ್ಟರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಆರು ವರ್ಷ ಆಯ್ತಮ್ಮ. ನಿಮ್ಮನೆಯಿಂದ ಒಂದು ನರಪಿಳ್ಳೆ ಈ ಬಾಗ್ಲಿಗೆ ಬರ್ಲಿಲ್ಲ. ನಿಮ್ಮಮ್ಮ ಎದುರಿಗೆ ಸಿಕ್ಕಿದ್ರೆ ರಸ್ತೆ ದಾಟಿ ಆಕಡೆ ಹೋಗೋಳು. ಇವತ್ತು ನೀನು ಬಂದಿದೀಯ, ಕೈಲಿ ಕಾಗ್ದ ಹಿಡ್ಕೊಂಡು. ನಿಂಗೇನೋ ಬೇಕಾಗಿದೆ, ಅದಕ್ಕೆ ಬಂದಿದೀಯ. ಅವನೂ ಅದಕ್ಕೇ ತಾನೇ ಬಂದಿದ್ದು?"

ಆಮೇಲೆ ಅವರು, ಪೆರೋಲಿನವರು ತನಗೂ ಕಾಗದ ಕಳಿಸಿದ್ದಾರೆ, ಏನಾದರೂ ಹೇಳುವುದಿದ್ದರೆ ಬರೆಯಿರಿ ಎಂದಿದ್ದಾರೆ, ಇನ್ನೂ ಬರೆದಿಲ್ಲ ಎಂದರು. ಅವನು ಹೊರಗೆ ಬಂದರೆ ಎಲ್ಲಿ ಇರುತ್ತಾನೆ ಎಂದು ಕೇಳಿದರು. ಅಮ್ಮ ಹೋದ ಮೇಲೆ ನಾನು ಮನೆ ಬದಲಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. ಪೈನ್ ಬೀದಿ, ನನ್ನ ಮನೆ, ಇಲ್ಲಿಂದ ನಾಲ್ಕು ಬೀದಿ ಆಚೆ ಎಂದೆ. ಅವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು.

ನಿನ್ನೆ ಸಂಜೆವರೆಗೂ ಅರ್ಜಿ ಎದುರಿಗಿಟ್ಟುಕೊಂಡು ಕೂತಿದ್ದೆ. ಸುಳ್ಳು ಪ್ರಬಂಧ ಮಾರಲು ಇಟ್ಟ ಸುಳ್ಳು. ನಿಜದ ಪ್ರಬಂಧ ಮಾರಲು ಇಟ್ಟ ನಿಜ. ಎರಡನೆಯದರ ವಾಸನೆ ಇನ್ನೂ ಕೆಟ್ಟದ್ದು. ಪೆಕ್ ಅವರಿಗೆ ಫೋನು ಮಾಡಿ, ನಾನು ಇಲ್ಲೇ ಇರುತ್ತೇನೆ, ವಿಳಾಸ ತೆಗೆಯಬೇಡಿ ಎಂದೆ. ಹಾಸ್ಟೆಲು ಗೀಸ್ಟೆಲು ಬೇಡ. ಹಿಂದಿನ ಕೋಣೆಗೆ ಮಂಚ ಹಾಕಿಸಿದ್ದೇನೆ. ನಾಳೆ ನಿನ್ನ ಸಂದರ್ಶನ, ಈ ಕಾಗದ ಆಮೇಲೆಯೇ ನಿನಗೆ ಸಿಗುವುದು, ಆದರೂ ಹೇಳುತ್ತೇನೆ. ನಿಜ ಹೇಳು, ಬೇಗ ಬಾ.

ಲೋರಿ

*

ಬಿ ಬ್ಲಾಕ್
೧೯ ಡಿಸೆಂಬರ್ ೨೦೨೩

ಲೋರಿ,

ನಿನ್ನ ಕಾಗದ ನನ್ನ ಕೈಸೇರಿದ್ದು ಸಂದರ್ಶನ ಮುಗಿದು ಎಂಟು ದಿನಕ್ಕೆ. ಅವರು ಕೇಳಿದ್ದಕ್ಕೆಲ್ಲ ನಿಜ ಹೇಳಿದ್ದೆ, ನೀನು ಹೇಳುವ ಮೊದಲೇ. ತೀರ್ಪು ನಿನ್ನೆ ಬಂತು. ಪೆರೋಲ್ ಸಿಕ್ಕಿದೆ. ಹಾಸಿಗೆ ಖಾಲಿಯಾದ ದಿನ ಬಿಡುತ್ತಾರೆ, ಬಹುಶಃ ಮಾರ್ಚ್.

ಹಾಸ್ಟೆಲಿನ ಹಾಸಿಗೆ ಅಂದೆ. ಮಂಚ ಅನ್ನಲಿಲ್ಲ. ನಿನ್ನ ವಿಳಾಸ ತಳ್ಳಿಹಾಕಿದ್ದಾರೆ. ಲೆಸ್ಕೋ ಏನು ಬರೆದರೆಂದು ನನಗೆ ತೋರಿಸುವುದಿಲ್ಲ, ಅದು ಗುಟ್ಟು. ಆದರೆ ಷರತ್ತುಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿದೆ: ಕೆಲ್ಸೋ ಬೆಂಡ್ ಊರಿನ ಎಲ್ಲೆಯೊಳಗೆ ಕಾಲಿಡಬಾರದು. ಇನ್ನು ಆರು ವರ್ಷ. ಅಮ್ಮನ ಸಮಾಧಿಗೂ ಇಲ್ಲ.

ನಿನ್ನಿಂದ ಆಯಿತು ಎಂದು ಬೈಯಲು ಪೆನ್ನು ತೆಗೆದುಕೊಂಡೆ. ಎರಡು ಪುಟ ಬೈದೆ ಕೂಡ. ನೀನು ಆ ಬಾಗಿಲಿಗೆ ಹೋಗದಿದ್ದರೆ, ಬೀದಿಯ ಹೆಸರು ಬಾಯಿಬಿಡದಿದ್ದರೆ, ಹೀಗೆ. ಟಿಬ್ಸ್ ಅದನ್ನು ಓದಿ, "ತಳ್ಳಿದ್ದು ನೀನಾ ಅವಳಾ?" ಎಂದು ಕೇಳಿ ಮಗ್ಗುಲು ಬದಲಿಸಿದ. ಆ ಎರಡು ಪುಟ ಹರಿದುಹಾಕಿದೆ.

ಆರು ವರ್ಷದಿಂದ ಎಲ್ಲರೂ ಈ ತಪ್ಪನ್ನು ನನ್ನ ಕೈಯಿಂದ ಕಿತ್ತುಕೊಳ್ಳಲು ನೋಡಿದರು. ಮಾತ್ರೆಯ ತಪ್ಪು, ಗೋದಾಮಿನ ಕೆಲಸದಲ್ಲಿ ನನ್ನ ಬೆನ್ನು ಮುರಿಸಿ ಆ ಮಾತ್ರೆ ಹಿಡಿಸಿದವರ ತಪ್ಪು, ವಕೀಲರ ತಪ್ಪು. ನಾನೂ ಕೊಡಲು ತಯಾರಿದ್ದೆ. ಆ ಮುದುಕರು ಮಾತ್ರ ಬೇರೆ ಯಾರಿಗೂ ಕೊಡಲಿಲ್ಲ. ಅವರು ಕೇಳಿದ್ದು ಹೆಚ್ಚೇನಲ್ಲ. ಬ್ರೆಡ್ಡು ತರಲು ಹೊರಟಾಗ ನನ್ನ ಮುಖ ಕಾಣಬಾರದು, ಅಷ್ಟೇ ಅಲ್ಲವೇ? ಅವರ ಜಾಗದಲ್ಲಿ ನಾನಿದ್ದರೆ ರಾಜ್ಯವನ್ನೇ ಬಿಡಿಸುತ್ತಿದ್ದೆ.

ಅವರ ಬಾಗಿಲಿಗೆ ಮತ್ತೆ ಹೋಗಬೇಡ. ಕ್ಷಮೆ ಕೇಳುವುದಕ್ಕೂ ಬೇಡ. ಅದೂ ನಮಗೆ ಬೇಕಾಗಿರುವುದೇ.

ಈಗ ನಿನ್ನ ವಿಷಯ. ನೀನು ಆ ಕರಾರು ಬಿಟ್ಟದ್ದು ನನಗೊಂದು ಮನೆ ಇರಲಿ ಎಂದು. ಆ ಮನೆ ನನಗೆ ಇಲ್ಲ. ಹಾಗಾಗಿ ಬಿಟ್ಟದ್ದು ಬರೀ ನಷ್ಟ, ಸಿಹಿ ಸವರುವುದಿಲ್ಲ. ಆದರೆ ಉಳಿದ ಕಾಲೇಜುಗಳಿಗೆ ಫೆಬ್ರವರಿಯವರೆಗೆ ಸಮಯ ಇದೆ ಎಂದು ಇಲ್ಲಿನ ಲೈಬ್ರರಿಯ ಪುಸ್ತಕ ಹೇಳುತ್ತದೆ, ಅವಕ್ಕೆ ಮೊದಲೇ ಕರಾರು ಬರೆದುಕೊಡಬೇಕಾಗಿಯೂ ಇಲ್ಲ. ಐದಾರಕ್ಕೆ ಹಾಕು. ಯೋಡರ್ ಆಫೀಸಿನಲ್ಲಿ ನಾಲ್ಕು ವರ್ಷ ಏನು ಮಾಡಿದೆ ಎಂದು ಬರೆ. ಯಾರೂ ಅಳದಿದ್ದರೆ ಅಳದಿರಲಿ. ನನ್ನನ್ನು ಬರೆಯಬೇಡ, ಲೆಸ್ಕೋ ಅವರನ್ನು ಬರೆಯಬೇಡ. ಅಷ್ಟಕ್ಕೆ ತೆಗೆದುಕೊಳ್ಳದವರು ತೆಗೆದುಕೊಳ್ಳುವುದು ಬೇಡ.

ಮಂಚ ಮಾರಿಬಿಡು. ಮನೆ ಖಾಲಿ ಮಾಡು. ನಾನು ಕಾಲಿಡಬಾರದ ಊರು ಅದೊಂದೇ, ನೀನು ಇನ್ನೂ ಕೂತಿರುವ ಊರೂ ಅದೊಂದೇ. ಹೊರಡು ಲೋರಿ.

ಡೇಲ್